ಕುಂತ ಹೊತ್ತಿನ ಪಗಾರ

ನಾನು ಕೆಲಸ ಮಾಡುವ ಅಂಗಡಿ ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯ ಮೇಲಿದೆ. ಕಬ್ಬಿಣದ ಸಗಟು ವ್ಯಾಪಾರ. ಬಳ್ಳಾರಿ ಕಡೆಯಿಂದ ಲಾರಿಗಳಲ್ಲಿ ಮನೆ ಕಟ್ಟುವ ಸಳಿ, ಅಂದರೆ ಕಬ್ಬಿಣದ ಸರಳು ಬರುತ್ತದೆ, ತಗಡು, ತಂತಿ ಬರುತ್ತವೆ. ಲಿಂಗಸುಗೂರು ಕಡೆಯಿಂದ ಪಾಲಿಶ್ ಮಾಡಿದ ಕಲ್ಲಿನ ಚಪ್ಪಡಿ ಬರುತ್ತದೆ. ಬಂದದ್ದನ್ನೆಲ್ಲ ಹಮಾಲರು ಇಳಿಸುತ್ತಾರೆ, ಹೋಗುವುದನ್ನೆಲ್ಲ ಅವರೇ ಏರಿಸುತ್ತಾರೆ. ನಡುವೆ ನಾನು ಕಂಪ್ಯೂಟರಿನ ಮುಂದೆ ಕುಳಿತು ಬಿಲ್ಲು ಮಾಡುತ್ತೇನೆ.

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆಂದು ಮಾತು ಕೊಡಲಾರೆ. ನನ್ನ ನೆನಪು ಅಂಗಳ ಗುಡಿಸಿದ ಹಾಗೆ ಎಲ್ಲವನ್ನೂ ಒಂದು ಮೂಲೆಗೆ ತಂದು ಹಾಕುತ್ತದೆ. ಅಂಗಳ ಹಾಗಿರಲಿಲ್ಲ. ಕಾಕಾ ಮೊದಲ ಸಲ ಪಗಾರದ ಮಾತು ತೆಗೆದ ದಿನ ಲಾರಿಯ ನೆರಳಿನಲ್ಲಿ ನಿಂತಿದ್ದ ಎಂದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅಂದು ಲಾರಿಯೇ ಬಂದಿರಲಿಲ್ಲ. ಬಾರದ್ದರಿಂದಲೇ ಅವನಿಗೆ ಮಾತಾಡಲು ಪುರುಸೊತ್ತು ಸಿಕ್ಕಿದ್ದು. ಆ ನೆರಳು ಬೇರೆ ಯಾವುದೋ ದಿನದ್ದು. ಅದನ್ನು ತೆಗೆದುಬಿಟ್ಟರೆ ಅವನು ಬಿಸಿಲಿನಲ್ಲಿ ನಿಲ್ಲಬೇಕಾಗುತ್ತದೆ. ಇರಲಿ, ನೆರಳಲ್ಲೇ ನಿಂತಿರಲಿ.

ಕಾಕಾ ಎಂದರೆ ನಮ್ಮಲ್ಲಿಯ ಹಮಾಲರ ಗ್ಯಾಂಗಿನ ಹಿರಿಯ. ನನಗೆ ಸಂಬಂಧಿಯಲ್ಲ, ಮುಕ್ಕುಂದದವನು. ಅಂಗಡಿಯಲ್ಲಿ ಎಲ್ಲರೂ ಅವನನ್ನು ಕಾಕಾ ಅನ್ನುತ್ತಾರೆ, ಅವನಿಗಿಂತ ವಯಸ್ಸಾದ ಗಿರಾಕಿಗಳು ಕೂಡ. ಗ್ಯಾಂಗಿನ ಉಳಿದವರೆಲ್ಲ ಗಟ್ಟಿ ವಯಸ್ಸಿನವರು. ಅವರ ಕೂಲಿ ಟನ್ನಿನ ಲೆಕ್ಕದ್ದು. ಎಷ್ಟು ಟನ್ ಇಳಿಸಿದರೋ ಏರಿಸಿದರೋ ಅಷ್ಟು ಹಮಾಲಿ, ಸಂಜೆ ಅದು ಎಲ್ಲರಿಗೂ ಸಮಪಾಲು. ಹೆಚ್ಚು ಹೊತ್ತವನು ಕಡಿಮೆ ಹೊತ್ತವನು ಎಂಬ ಮಾತಿಲ್ಲ. ಉದ್ದನೆಯ ಸಳಿಯ ಕಟ್ಟನ್ನು ನಾಲ್ಕಾರು ಭುಜಗಳು ಹೊತ್ತಾಗ ಭಾರ ಯಾರ ಮೇಲೆ ಎಷ್ಟು ಕೂತಿತೆಂದು ಅಳೆಯುವವರು ಯಾರು? ನಮ್ಮ ಕಾಟಾ ಇಡೀ ಲಾರಿಯನ್ನು ತೂಗುತ್ತದೆ, ಒಂದು ಭುಜವನ್ನು ತೂಗುವುದಿಲ್ಲ.

ಕಾಕಾನ ಬಲಭುಜ ಇತ್ತೀಚೆಗೆ ಸೋತಿತ್ತು. ಅವನು ಕಟ್ಟಿನ ನಡುವೆ ಹೋಗಿ ನಿಂತರೆ ಹುಡುಗರು ಏನೂ ಹೇಳದೆ ಅವನನ್ನು ಬಾಲದ ಕಡೆಗೆ ಸರಿಸುತ್ತಿದ್ದರು. ಬಾಲದಲ್ಲಿ ಸಳಿ ಕುಣಿಯುತ್ತದೆ, ಭಾರ ಕಡಿಮೆ. ಸಂಜೆ ಪಾಲು ಮಾತ್ರ ಮೊದಲಿನಷ್ಟೇ. ಹಾಗೆ ತೆಗೆದುಕೊಂಡ ಪಾಲನ್ನು ಅವನು ಎಣಿಸದೆ ಕಿಸೆಗೆ ಹಾಕುತ್ತಿದ್ದ. ಅದು ನಂಬಿಕೆ ಎಂದು ನಾನು ತಿಳಿದಿದ್ದೆ. ಎಣಿಸಲು ಅವನಿಗೆ ಮನಸ್ಸಾಗುತ್ತಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

‘ಈ ಹುಡುಗ್ರ ಪಾಲಿನ್ಯಾಗ ನಾ ಉಣ್ಣಾಕತ್ತೀನಿ ತಂಗೆವ್ವ,’ ಅಂದ, ಆ ಇಲ್ಲದ ನೆರಳಿನಲ್ಲಿ ನಿಂತು. ‘ನಿನ್ನಂಗ ತಿಂಗಳ ಪಗಾರ ಆದ್ರ ಛಲೋ. ಯಾರ ಪಾಲೂ ತಗೊಂಡಂಗ ಆಗಂಗಿಲ್ಲ.’

ಪಗಾರ ಎಂಬುದು ನಮ್ಮ ಮನೆಗೂ ಹೊಸ ಪದಾರ್ಥವೇ. ನಾವು ಜವಳಗೇರಾದವರು. ನನ್ನ ಅವ್ವ ಕಾಲುವೆಯ ಗದ್ದೆಗಳಲ್ಲಿ ಭತ್ತದ ನಾಟಿ ಮಾಡಿದವಳು. ಅದೂ ಗುಂಪಿನ ಗುತ್ತಿಗೆ, ಎಕರೆಗೆ ಇಷ್ಟು ಎಂದು, ಬಂದದ್ದು ಹೆಂಗಸರಿಗೆಲ್ಲ ಸಮಪಾಲು. ನಾನು ಮೊದಲ ಪಗಾರ ತಂದ ದಿನ ಅವ್ವ ಬೇರೇನೂ ಕೇಳಲಿಲ್ಲ, ‘ಐತಾರದ್ದೂ ಕೊಟ್ಟಾರನ?’ ಅಂದಳು. ಕೊಟ್ಟಿದ್ದಾರೆ ಎಂದೆ. ಬಾಗಿಲು ಮುಂದೆ ಮಾಡಿ, ‘ಓಣ್ಯಾಗ ಯಾರ ಮುಂದೂ ಹೇಳಬ್ಯಾಡ’ ಅಂದಳು. ಕೆಲಸವಿಲ್ಲದ ಭಾನುವಾರಕ್ಕೂ ರೊಕ್ಕ ಬಂದದ್ದು ಯಾರೋ ತಪ್ಪಿ ಕೊಟ್ಟದ್ದು, ಗೊತ್ತಾದರೆ ತಿರುಗಿ ಕೇಳುತ್ತಾರೆ ಎಂದು ಅವಳ ಎಣಿಕೆ.

ಸಾವ್ಕಾರರು, ಅಂದರೆ ನಮ್ಮ ಅಂಗಡಿಯ ಮಾಲೀಕರು, ಕಾಕಾನ ಮಾತಿಗೆ ಬೇಗ ಒಪ್ಪಿದರು. ಅವರಿಗೆ ಅವರದೇ ಕಾರಣವಿತ್ತು. ಭತ್ತದ ಸುಗ್ಗಿ ಬಂತೆಂದರೆ ಸಿಂಧನೂರಿನ ಹಮಾಲರೆಲ್ಲ ರೈಸ್ ಮಿಲ್ಲುಗಳ ಕಡೆ ಹೊರಡುತ್ತಾರೆ, ಅಲ್ಲಿ ಚೀಲದ ಮೇಲೆ ಒಳ್ಳೆಯ ಹಮಾಲಿ. ನಮ್ಮ ಅಂಗಳದಲ್ಲಿ ಸಳಿಯ ಲಾರಿ ನಿಂತಲ್ಲೇ ನಿಲ್ಲುತ್ತದೆ, ಡ್ರೈವರ್ ನಿಂತ ದಿನಕ್ಕೂ ಬಾಡಿಗೆ ಹಾಕುತ್ತಾನೆ. ಈಗ ಹೊಸ ಹುಡುಗರು ಭುಜದ ಕೆಲಸಕ್ಕೆ ಬರುವುದೂ ಕಡಿಮೆ. ಆಟೊ ಹೊಡೆಯುತ್ತಾರೆ, ಜೆಸಿಬಿ ಕಲಿಯುತ್ತಾರೆ. ಇರುವವರನ್ನು ಉಳಿಸಿಕೊಳ್ಳಲು ಟನ್ನಿನ ದರವನ್ನು ಪ್ರತಿ ವರ್ಷ ಏರಿಸಿ ಏರಿಸಿ ಸಾವ್ಕಾರರಿಗೆ ಸಾಕಾಗಿತ್ತು. ಹಾಗಾಗಿ ಮಾತು ಆಯಿತು: ತಿಂಗಳಿಗೆ ಪಗಾರ, ನೇರ ಖಾತೆಗೆ, ಐತಾರ ಸೂಟಿ, ಮೇಲೆ ಒಂದಷ್ಟು ರಜೆ. ಬದಲಿಗೆ ಸುಗ್ಗಿಯಲ್ಲಿ ಯಾರೂ ಮಿಲ್ಲಿಗೆ ಹೋಗುವಂತಿಲ್ಲ.

ಹುಡುಗರಿಗೆ ಇದು ಅಷ್ಟು ರುಚಿಸಲಿಲ್ಲ. ಅವರಲ್ಲಿ ಗೊರೇಬಾಳದವನೊಬ್ಬ, ಮಾತಿನಲ್ಲಿ ಎಲ್ಲರಿಗಿಂತ ಮುಂದು. ಸುಗ್ಗಿಯ ಗಳಿಕೆ ಬಿಟ್ಟು ಯಾಕೆ ಕಟ್ಟಿಹಾಕಿಸಿಕೊಳ್ಳಬೇಕು ಎಂದು ತಕರಾರು ತೆಗೆದ. ‘ಪಗಾರ ಆದ್ರ ನಿನಗ ಒಂದು ಪೆನ್ನೂ ಕೊಡ್ತಾರೇನ ಕಾಕಾ? ಕಿಸೇಕ ಸಿಗಿಸ್ಕೊಂಡು ಸಳಿ ಹೊರ್ತಿ,’ ಎಂದು ನಗಿಸಿದ. ಆದರೂ ಕಾಕಾನ ಮುಖ ನೋಡಿ ಒಪ್ಪಿದ. ಯಾಕೆ ಒಪ್ಪಿದೆ ಎಂದು ಈಗ ಕೇಳಿದರೆ ‘ನಾ ಎಲ್ಲಿ ಒಪ್ಪಿದ್ದೆ?’ ಅನ್ನುತ್ತಾನೆ. ಅವನ ನೆನಪಿನಲ್ಲಿ ಅವನು ಇವತ್ತಿಗೂ ಒಪ್ಪಿಲ್ಲ.

ಹೊಸ ಪದ್ಧತಿ ಶುರುವಾದ ಮೇಲೂ ಅವರು ಟನ್ನಿನ ವೇಗದಲ್ಲೇ ದುಡಿಯುತ್ತಿದ್ದರು. ಬೇಗ ಇಳಿಸಿದರೆ ಇನ್ನೊಂದು ಲಾರಿ ಸಿಕ್ಕೀತು ಎಂಬ ಅಭ್ಯಾಸ ಕಾಲಲ್ಲಿ ಕೂತುಬಿಟ್ಟಿತ್ತು. ಲಾರಿ ಖಾಲಿಯಾದ ಮೇಲೆ ನಿಲ್ಲುವುದೆಲ್ಲಿ, ಕೂರುವುದೆಲ್ಲಿ ತಿಳಿಯುತ್ತಿರಲಿಲ್ಲ. ಮೊದಲಾದರೆ ಕೆಲಸ ಮುಗಿದ ಮೇಲೆ ಅಂಗಳ ಅವರದಲ್ಲ, ಪಕ್ಕದ ಚಹಾದಂಗಡಿಗೋ ಮನೆಗೋ ಹೋಗುತ್ತಿದ್ದರು. ಈಗ ಹೋಗುವಂತಿಲ್ಲ. ಕಾಕಾ ಕಾಟಾದ ಪಕ್ಕದ ಬೇವಿನ ಕೆಳಗೆ ಒಂದು ಕಾಲ ಮೇಲೆ ಭಾರ ಹಾಕಿ ನಿಂತಿರುತ್ತಿದ್ದ. ಬಸ್ಸಿಗೆ ಕಾಯುವವನ ಹಾಗೆ ಕಾಣುತ್ತಿದ್ದ, ಬಸ್ಸು ಮಾತ್ರ ಬರುತ್ತಿರಲಿಲ್ಲ.

ಹೀಗೆ ಕೆಲವು ದಿನ ಹೋಯಿತು. ಸುಗ್ಗಿ ಜೋರಾಗಿದ್ದ ಒಂದು ದಿನ ಮುಂಜಾನೆಯೇ ಲಾರಿ ಇಳಿಸಿ ಮುಗಿಸಿದರು. ‘ಬರ್ತೀವಿ ತಂಗೆವ್ವ’ ಎಂದು ಕಾಕಾ ಹೇಳಿ ಹೋದ. ಚಹಾಕ್ಕೆ ಇರಬೇಕೆಂದು ನಾನು ತಲೆ ಎತ್ತಲಿಲ್ಲ. ಮಧ್ಯಾಹ್ನ ರೊಟ್ಟಿ ಬಿಚ್ಚಿ ಉಂಡು, ಫ್ಯಾನಿನ ಕೆಳಗೆ ಕಣ್ಣು ಮುಚ್ಚಿ ತೆಗೆದು ಮಾಡುತ್ತಿದ್ದಾಗ ಲಿಂಗಸುಗೂರಿನ ಗಿರಾಕಿಯೊಬ್ಬ ಗೂಡ್ಸ್ ಗಾಡಿ ತಂದು ನಿಲ್ಲಿಸಿದ. ಅಲ್ಲಿ ಕಲ್ಲು, ಕಬ್ಬಿಣದ ಅಂಗಡಿ ಇಟ್ಟುಕೊಂಡವನು, ನಮ್ಮ ಹಳೆಯ ಗಿರಾಕಿ. ಮರುದಿನ ಯಾರದೋ ಮನೆಯ ಸ್ಲ್ಯಾಬ್ ಇದೆ, ಇವತ್ತೇ ಸಳಿ ಮುಟ್ಟಬೇಕು ಅಂದ. ಅಂಗಳ ನೋಡಿದೆ. ಬೇವಿನ ಕೆಳಗೂ ಯಾರಿಲ್ಲ.

ಸಾವ್ಕಾರರು ಬಂದರು, ಫೋನ್ ಮಾಡಿದರು. ಗೊರೇಬಾಳದವನ ಫೋನಿನಲ್ಲಿ ಯಂತ್ರದ ಸದ್ದಿಗೆ ಅವನ ಮಾತೇ ಕೇಳಲಿಲ್ಲ. ಆ ಸದ್ದು ಯಾವುದೆಂದು ಸಿಂಧನೂರಿನಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಸಾವ್ಕಾರರು ಫೋನ್ ಇಟ್ಟು, ‘ಮಿಲ್ಲಿನ್ಯಾಗ ಅದಾರ’ ಎಂದಷ್ಟೇ ಹೇಳಿದರು. ಅವರು ಸಿಟ್ಟಾದಾಗ ಮಾತು ಮೆಲ್ಲಗಾಗುತ್ತದೆ. ಗಿರಾಕಿಗೆ ಕುರ್ಚಿ ಹಾಕಿಸಿದೆ. ಅವನು ಕೂತು ನಮ್ಮ ಅಂಗಳವನ್ನು ನಾಟಕದ ಪರದೆ ಏಳುವುದಕ್ಕೆ ಕಾದವನ ಹಾಗೆ ನೋಡತೊಡಗಿದ.

ಅವರು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ನಿಂತು ಬಂದರು. ಹುಬ್ಬು, ಕಿವಿ, ಭುಜದ ಮೇಲೆಲ್ಲ ತೌಡಿನ ಪುಡಿ ಕೂತಿತ್ತು. ಸಾವ್ಕಾರರು ಮೇಜಿನ ಆಚೆಯಿಂದ ಎದ್ದೇಳಲಿಲ್ಲ.

‘ಎಲ್ಲಿಗೆ ಹೋಗಬ್ಯಾಡ್ರಿ ಅಂತ ಪಗಾರ ಕೊಡಾಕತ್ತೀನೋ ಅಲ್ಲಿಗೇ ಹೋಗೀರಿ ಕಾಕಾ.’

ಕಾಕಾ ಒಳಕಿಸೆಯಿಂದ ಮಡಚಿದ ನೋಟುಗಳನ್ನು ತೆಗೆದು ಮೇಜಿನ ಮೇಲಿಟ್ಟ. ‘ತಗೊಳ್ರಿ. ಇದು ನಿಮ್ದ.’

‘ಏನಿದು?’

‘ಮಿಲ್ಲಿನ ಹಮಾಲಿರಿ. ಮುಂಜಾನಿ ಲಾರಿ ಮುಗೀತು, ಇನ್ನ ಅರ್ಧಾ ದಿನ ಉಳದಿತ್ತು. ಆ ದಿನ ನೀವು ರೊಕ್ಕ ಕೊಟ್ಟು ತಗೊಂಡಿದ್ದು. ಸುಮ್ನ ಕುಂತು ಹಾಳು ಮಾಡೋದು ಯಾಕ ಅಂತ ನಿಮ್ಮ ಹೆಸರಿಲೆ ದುಡದು ಬಂದ್ವಿ. ನಮ್ಮವರು ಯಾರೂ ಒಂದು ರೂಪಾಯಿ ಮುಟ್ಟಿಲ್ರಿ.’

ಮೊದಲು ನಕ್ಕವನು ಗಿರಾಕಿ. ‘ಸಾವ್ಕಾರ್ರ, ನನಗ ಸಳಿ ಬ್ಯಾಡ. ಇಂಥಾ ಹಮಾಲರು ಇದ್ರ ಒಂದು ಗಾಡಿ ಹಾಕಿ ಕಳಸ್ರಿ.’

ಸಾವ್ಕಾರರಿಗೆ ಆ ನಗು ತಾಗಿತು. ಸುಗ್ಗಿಯಲ್ಲಿ ಹಮಾಲರು ಕೈತಪ್ಪಬಾರದೆಂದು ಪಗಾರ ಕೊಟ್ಟವರು ಅವರು. ಈಗ ಬಜಾರಿನಲ್ಲಿ ಅವರೇ ಹಮಾಲರನ್ನು ಬಾಡಿಗೆಗೆ ಬಿಟ್ಟು ಗಳಿಸುತ್ತಾರೆ ಎಂಬ ಮಾತಾಗುತ್ತದೆ. ‘ನಿಮ್ಮನ್ನೇನು ಬಾಡಗಿ ಎತ್ತು ಮಾಡೀನೇನು ನಾನು?’ ಎಂದರು. ಆಮೇಲೆ ಇನ್ನೂ ಮೆಲ್ಲಗೆ, ಇದು ತಮ್ಮಿಂದ ಆಗದ ಕೆಲಸ, ಸೋಮವಾರದಿಂದ ಮೊದಲಿನ ಹಾಗೆ ಟನ್ನಿನ ಲೆಕ್ಕ, ಪಗಾರ ಗಿಗಾರ ಏನೂ ಇಲ್ಲ ಎಂದು ಹೇಳಿಬಿಟ್ಟರು.

ಗೊರೇಬಾಳದವನ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ. ಸುಗ್ಗಿ ಇನ್ನೂ ಉಳಿದಿತ್ತು. ಆದರೆ ಕಾಕಾ ಎಡಗೈಯಿಂದ ಬಲಭುಜದ ತೌಡನ್ನು ಝಾಡಿಸುತ್ತ ನಿಂತುಬಿಟ್ಟ. ಮತ್ತೆ ಕಟ್ಟಿನ ಬಾಲ ಹಿಡಿಯಬೇಕು, ಮತ್ತೆ ಸಂಜೆ ಆ ಪಾಲಿಗೆ ಕೈ ಚಾಚಬೇಕು. ಹುಡುಗರ ಪಾಲು ತಿನ್ನಬಾರದೆಂದು ಪಗಾರ ಕೇಳಿದವನು, ಸಾವ್ಕಾರರ ರೊಕ್ಕವನ್ನೂ ಪುಕ್ಕಟೆ ತಿನ್ನಬಾರದೆಂದು ಮಿಲ್ಲಿಗೆ ಹೋಗಿದ್ದ. ಒಂದೇ ಗುಣ ಪಗಾರ ತಂದುಕೊಟ್ಟಿತ್ತು, ಅದೇ ಗುಣ ಕಳೆಯುತ್ತಿತ್ತು.

ನಾನು ಮಾತಾಡಿದ್ದು ಆಗ. ಏನು ಮಾತಾಡಿದೆ ಎಂಬುದಕ್ಕೆ ನನ್ನ ಬಳಿ ಒಂದು ಚೆಂದದ ಕತೆಯಿದೆ. ಅದರಲ್ಲಿ ನಾನು ಎದ್ದು ನಿಂತು, ‘ಸಾವ್ಕಾರ್ರ, ಉಂಡಮ್ಯಾಲ ಚಾ ಹೊತ್ತಿನ ತನ ನಾ ಏನ್ ಮಾಡ್ತೀನಿ ನೋಡೀರೇನು? ಗಿರಾಕಿ ಬಂದ್ರ ಬಿಲ್ಲು, ಇಲ್ಲಂದ್ರ ಸುಮ್ನ ಕುಂತಿರ್ತೀನಿ. ಅದರ ರೊಕ್ಕ ಎಂದೂ ಕೊಯ್ದಿಲ್ಲ ನೀವು. ಇವರದು ಕೊಯ್ದ್ರ ನಂದೂ ಕೊಯ್ರಿ’ ಎನ್ನುತ್ತೇನೆ. ಗೊರೇಬಾಳದವನ ಪ್ರಕಾರ ನಾನು ಎದ್ದೇ ಇರಲಿಲ್ಲ, ‘ನಾನೂ ಕುಂತಿರ್ತೀನಲ್ರಿ’ ಎಂದಷ್ಟೇ ಹೇಳಿದ್ದು, ಅದೂ ಕಂಪ್ಯೂಟರಿನ ಕಡೆ ನೋಡುತ್ತ. ಅವನು ಹೇಳಿದ್ದೇ ನಿಜವಿರಬೇಕು. ಉದ್ದನೆಯ ಮಾತು ಬಸ್ಸಿನಲ್ಲಿ ಜವಳಗೇರಾಕ್ಕೆ ಹೋಗುವಾಗ ಹುಟ್ಟಿದ್ದಿರಬಹುದು.

ಕಾಕಾನ ಉತ್ತರದ ಬಗ್ಗೆ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಅವನು ನನ್ನ ಕಡೆ ತಿರುಗಿ, ‘ನೀ ಓದಿದಾಕಿ ಬೇ. ಕುಂತಿದ್ರೂ ತಲಿ ದುಡೀತೈತಿ’ ಅಂದ.

‘ತಲಿ ನಿದ್ದಿ ಮಾಡ್ತೈತಿ ಕಾಕಾ,’ ಅಂದೆ.

ಗಿರಾಕಿ ಮತ್ತೆ ನಕ್ಕ. ಸಾವ್ಕಾರರು ನಗಲಿಲ್ಲ. ನನ್ನನ್ನು ನೋಡಿದರು, ಫ್ಯಾನನ್ನು ನೋಡಿದರು, ಮೊದಲು ಗಾಡಿಗೆ ಸಳಿ ಏರಿಸಿ ಎಂದರು. ಗ್ಯಾಂಗಿನವರು ಅಂಗಳಕ್ಕಿಳಿದರು. ನನಗೆ ಆಗ ಹೆದರಿಕೆ ಶುರುವಾಯಿತು. ಮನೆಗೆ ಹೋಗಿ ಅವ್ವನಿಗೆ ಏನು ಹೇಳುವುದು? ಓಣಿಯಲ್ಲಿ ಹೇಳಬೇಡ ಎಂದಿದ್ದಳು, ನಾನು ಸಾವ್ಕಾರರ ಮುಂದೆಯೇ ಹೇಳಿಬಿಟ್ಟಿದ್ದೆ.

ಗಾಡಿ ಹೊರಟ ಮೇಲೆ ಸಾವ್ಕಾರರು ಹೊರಗೆ ಬಂದು ಬೇವಿನ ಕೆಳಗೆ ನಿಂತರು. ನನ್ನ ಕಿಟಕಿಗೆ ಕೇಳುವಷ್ಟು ಜೋರಾಗಿಯೇ ಮಾತಾಡಿದರು.

‘ನೋಡು ಕಾಕಾ, ಸಳಿ ಹೊರೋದಕ್ಕ ಅಷ್ಟ ಅಲ್ಲ ಪಗಾರ. ಆ ಲಿಂಗಸುಗೂರಿನವ ಬಂದಾಗ ನೀವು ಇಲ್ಲಿ ಇರೋದಕ್ಕ. ಲಾರಿ ಇರಲಿ ಬಿಡಲಿ, ಇರೋದಕ್ಕ. ಇದು ನಿನಗ ಒಪ್ಪಿಗಿ ಆದ್ರ ಮುಂದುವರೀಲಿ. ಆಗಂಗಿಲ್ಲಂದ್ರ ಈಗ ಹೇಳಿಬಿಡು.’

ಕಾಕಾ ಕೆಳಗೆ ಬಿದ್ದ ಬೇವಿನ ಕಡ್ಡಿ ಎತ್ತಿ ಚೂರು ಚೂರು ಮಾಡತೊಡಗಿದ. ಗೊರೇಬಾಳದವನೇ ತಡೆಯಲಾರದೆ, ‘ಹೂಂ ಅನ್ನು ಕಾಕಾ, ಕುಂದ್ರೋದು ನಾ ಕಲಸ್ತೀನಿ’ ಅಂದ. ಸುಗ್ಗಿಯ ಗಳಿಕೆ ಬಿಡಲು ಮನಸ್ಸಿಲ್ಲದ ಹುಡುಗ. ಆ ಮಾತು ಅವನ ಬಾಯಿಂದ ಯಾಕೆ ಬಂತೆಂದು ನಾನು ಇಲ್ಲಿ ಕಾರಣ ಕೊಡಲು ಹೋಗುವುದಿಲ್ಲ. ಕಾಕಾ ಹೂಂ ಅಂದ.

ಮಿಲ್ಲಿನ ರೊಕ್ಕ ಏನಾಯಿತು? ಸಾವ್ಕಾರರು ಅದನ್ನು ಮುಟ್ಟಲಿಲ್ಲ, ಹುಡುಗರಿಗೇ ಹಂಚಿದರು ಎಂದು ನನ್ನ ನೆನಪು. ಎಲ್ಲರಿಗೂ ಮಿರ್ಚಿ ಭಜಿ ತರಿಸಿ ಮುಗಿಸಿದರು ಎಂದು ಗೊರೇಬಾಳದವನು. ಮರುದಿನ ತಾನೇ ಹೋಗಿ ಮಿಲ್ಲಿನವನಿಗೆ ತಿರುಗಿ ಕೊಟ್ಟು ಬಂದೆ ಎಂದು ಕಾಕಾ. ಮೂರೂ ಒಟ್ಟಿಗೆ ನಿಜವಾಗಲಾರವು. ಭಜಿಯ ರುಚಿ ಮಾತ್ರ ನನ್ನ ನಾಲಿಗೆಗೂ ಇದೆ.

ಕೂರುವುದನ್ನು ಅವರು ನಿಧಾನವಾಗಿ ಕಲಿತರು. ಮೊದಮೊದಲು ಕೆಲಸ ಹುಟ್ಟಿಸಿಕೊಳ್ಳುತ್ತಿದ್ದರು. ಜೋಡಿಸಿಟ್ಟ ಸಳಿಯನ್ನೇ ಮತ್ತೆ ಜೋಡಿಸುವುದು, ಗುಡಿಸಿದ ಅಂಗಳ ಮತ್ತೆ ಗುಡಿಸುವುದು. ಆ ಗದ್ದಲಕ್ಕೆ ಸಾವ್ಕಾರರ ಮಧ್ಯಾಹ್ನದ ನಿದ್ದೆ ಕೆಟ್ಟು, ದಯವಿಟ್ಟು ಸುಮ್ಮನೆ ಮಲಗಿ ಎಂದು ಬೇಡಿಕೊಳ್ಳುವ ಹಾಗಾಯಿತು. ಆಮೇಲೆ ಬೇವಿನ ಕೆಳಗೆ ಒಂದು ಹಗ್ಗದ ಮಂಚ ಬಂತು. ಕಾಕಾ ಅದರ ತುದಿಯಲ್ಲಿ ಕೂರುತ್ತಿದ್ದ, ಯಾರೋ ಈಗ ಏಳು ಅನ್ನುತ್ತಾರೆಂಬಂತೆ.

ಮೊದಲ ಪಗಾರ ಫೋನಿನಲ್ಲಿ ಸದ್ದು ಮಾಡಿ ಬಂತು. ಹಿರಿಯನೆಂದು ಕಾಕಾನಿಗೆ ಸ್ವಲ್ಪ ಹೆಚ್ಚು ಹಾಕಿದ್ದರು ಸಾವ್ಕಾರರು. ಗ್ಯಾಂಗಿನವರಿಗೆ ಇದು ವಿಚಿತ್ರವೆನಿಸಿತು, ಒಂದೇ ಲಾರಿಗೆ ಬೇರೆ ಬೇರೆ ಪಾಲು ಅವರು ಕಂಡವರಲ್ಲ. ಎಲ್ಲರೂ ಹೋಗಿ ಎಟಿಎಮ್ಮಿನಿಂದ ತೆಗೆದುಕೊಂಡು ಬಂದು ಮಂಚದ ಮೇಲೆ ಸುರಿದು ಸಮಪಾಲು ಮಾಡಿಕೊಂಡರು. ಕಿಟಕಿಯಿಂದ ನೋಡುತ್ತಿದ್ದ ಸಾವ್ಕಾರರು ಹಣೆ ಹಣೆ ಬಡಿದುಕೊಂಡರು. ಆದರೆ ನಾನು ಕಾಕಾನ ಮುಖ ನೋಡುತ್ತಿದ್ದೆ. ರಾಶಿಗೆ ತಾನು ಹಾಕಿದ್ದಕ್ಕಿಂತ ಕಡಿಮೆ ತೆಗೆದುಕೊಂಡ ಸಂಜೆ ಅದು. ತನ್ನ ಪಾಲನ್ನು ಬೆರಳಿಗೆ ಉಗುಳು ಹಚ್ಚಿ ಒಂದೊಂದಾಗಿ ಎಣಿಸಿದ, ಆರಾಮಾಗಿ, ಎಲ್ಲರಿಗೂ ಕಾಣುವ ಹಾಗೆ.

ಇಲ್ಲಿಗೆ ನಿಲ್ಲಿಸಿದರೆ ಚೆಂದ ಕಾಣುತ್ತದೆ, ಅದಕ್ಕೇ ನಿಲ್ಲಿಸುವುದಿಲ್ಲ. ಮೂರು ನಾಲ್ಕು ತಿಂಗಳಿಗೆ ಆ ಸಮಪಾಲು ತಾನಾಗಿ ನಿಂತುಹೋಯಿತು. ಯಾರೂ ಜಗಳವಾಡಲಿಲ್ಲ. ಒಬ್ಬನಿಗೆ ಸಾಲದ ಕಂತು ಇತ್ತು, ಇನ್ನೊಬ್ಬನ ಖಾತೆ ಹೆಂಡತಿಯ ಕೈಯಲ್ಲಿತ್ತು. ಈಗ ಅವರವರ ಪಗಾರ ಅವರವರದು. ಮಂಚದ ಮೇಲಿನ ಆ ರಾಶಿ ನೆನಪಾದಾಗ ನನಗೆ ಏನೋ ಕಳೆದುಹೋದಂತೆ ಅನ್ನಿಸುತ್ತದೆ. ಗೊರೇಬಾಳದವನಿಗೆ ಹಾಗೇನೂ ಅನ್ನಿಸುವುದಿಲ್ಲ. ಪಗಾರದ ಚೀಟಿ ತೋರಿಸಿ ಅವನು ಬ್ಯಾಂಕಿನಲ್ಲಿ ಸಾಲ ತೆಗೆದು ಮನೆಗೆ ಸ್ಲ್ಯಾಬ್ ಹಾಕಿಸಿದ್ದಾನೆ, ಸಳಿ ನಮ್ಮಲ್ಲಿಂದಲೇ. ಹಮಾಲರಿಗೆ ಯಾವ ಬ್ಯಾಂಕೂ ಕುರ್ಚಿ ಕೊಟ್ಟು ಮಾತಾಡಿಸಿದ್ದನ್ನು ಮೊದಲು ನಾನು ಕೇಳಿರಲಿಲ್ಲ.

ಲಿಂಗಸುಗೂರಿನ ಆ ಗಿರಾಕಿ ಮಿಲ್ಲಿನ ಕತೆಯನ್ನು ದಾರಿಯುದ್ದಕ್ಕೂ ಹೇಳಿಕೊಂಡು ಹೋಗಿರಬೇಕು. ಮಸ್ಕಿಯ ಒಂದು ಕಲ್ಲಿನ ಅಂಗಡಿಯ ಹಮಾಲರು ಈಗ ಪಗಾರ ಕೇಳಿ ಪಡೆದಿದ್ದಾರೆ. ಮೊದಲು ಚಪ್ಪಡಿ ಒಡೆದರೆ ಅವರ ಹಮಾಲಿಯಲ್ಲಿ ಮುರಿದುಕೊಳ್ಳುತ್ತಿದ್ದರಂತೆ, ಈಗ ಅದೂ ನಿಂತಿದೆ. ಲಿಂಗಸುಗೂರಿನಲ್ಲಿ ಒಬ್ಬ ಮಾಲೀಕರು ಪಗಾರವೆಂದು ಹೆಸರಿಟ್ಟು ಐತಾರದ್ದು ಕೊಯ್ಯುತ್ತಾರೆ, ಅದನ್ನೂ ಹೇಳಬೇಕು. ನಮ್ಮಲ್ಲಿಯೇ ಕಟ್ಟುವ ತಂತಿಯನ್ನು ಸಣ್ಣ ಸಿಂಬೆಗಳಾಗಿ ಸುತ್ತುವ ಹೆಂಗಸರಿಗೆ ಇನ್ನೂ ಸಿಂಬೆಗೆ ಇಷ್ಟು ಎಂಬ ಲೆಕ್ಕವೇ. ಅವರಲ್ಲಿ ಒಬ್ಬಾಕೆ ಮೊನ್ನೆ ಬಂದು ಕಾಕಾ ಮೊದಲು ಹೇಗೆ ಕೇಳಿದ, ನಿಂತು ಕೇಳಿದನೋ ಕುಂತು ಕೇಳಿದನೋ ಎಂದು ವಿಚಾರಿಸಿಕೊಂಡು ಹೋದಳು. ನಿಂತು, ನೆರಳಿನಲ್ಲಿ, ಎಂದೆ.

ಕಾಕಾ ಬಹಳ ದಿನ ರಜೆ ತೆಗೆದುಕೊಳ್ಳಲಿಲ್ಲ. ಪಗಾರದಲ್ಲಿ ಸೇರಿದ ರಜೆ, ತೆಗೆದುಕೊಂಡರೂ ರೊಕ್ಕ ಕಡಿಮೆಯಾಗುವುದಿಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ತಲೆಯಾಡಿಸಿ ಅಂಗಳಕ್ಕೆ ಹೋಗುತ್ತಿದ್ದ. ಕೊನೆಗೊಂದು ದಿನ ಬಂದು ನನ್ನ ಹತ್ತಿರ ರಜೆ ಬರೆಸಿದ. ಮರುದಿನ, ಅಂದರೆ ರಜೆಯ ದಿನವೇ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಧೋತರ ಉಟ್ಟು ಅಂಗಡಿಗೆ ಬಂದ. ನಾನು ಗಾಬರಿಯಾದೆ. ‘ಇವತ್ತ ಸೂಟಿ ಐತಿ ಕಾಕಾ, ಮರೆತೀಯೇನು?’

‘ನೆನಪೈತಿ. ಅದಕ್ಕ ಈ ಅಂಗಿ ಹಾಕ್ಕೊಂಡು ಬಂದೀನಿ. ಇದರ ಮ್ಯಾಲ ಸಳಿ ಹೊರಾಕ ಬರಂಗಿಲ್ಲ.’

ಗಿರಾಕಿಗಳ ಕುರ್ಚಿಯಲ್ಲಿ ಕೂತ. ತುದಿಯಲ್ಲಲ್ಲ, ಬೆನ್ನು ಆನಿಸಿ. ಹೊರಗೆ ಹುಡುಗರು ಲಾರಿಯಿಂದ ಸಳಿ ಇಳಿಸುತ್ತಿದ್ದರು. ಕಟ್ಟು ಭುಜಕ್ಕೇರಿದಾಗಲೆಲ್ಲ ಅವನ ಬಲಗೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು, ಇಳಿದಾಗ ಬಿಡುತ್ತಿತ್ತು. ಗೊರೇಬಾಳದವನು ಬಾಗಿಲಲ್ಲಿ ಇಣುಕಿ, ‘ಏನ್ ಬೇಕಾಗಿತ್ರಿ ಸಾವ್ಕಾರ್ರ, ಎಷ್ಟು ಟನ್ ಹಾಕ್ಲಿ?’ ಎಂದು ಅವನನ್ನೇ ಕೇಳಿ ಹೋದ. ಕಾಕಾ ನಕ್ಕ, ಏಳಲಿಲ್ಲ.

ಚಹಾ ಬಂತು. ಕುಡಿದು ಲೋಟ ಕೆಳಗಿಟ್ಟು, ಇಂಥ ರಜೆ ಇನ್ನೂ ಎಷ್ಟು ಉಳಿದಿವೆ ಎಂದು ಕೇಳಿದ. ಕಂಪ್ಯೂಟರಿನಲ್ಲಿ ನೋಡಿ ಹೇಳಲು ಹೊರಟೆ.

‘ಅಷ್ಟೂ ಇವತ್ತ ಹೇಳಬ್ಯಾಡ ಬೇ,’ ಅಂದ. ‘ಒಂದೊಂದ ಆಗಲಿ.’